ಓದು ಬಾರದ ಮಗುವಿನ ಪಕ್ಕ ಕೂರುವ ಶಿಕ್ಷಕರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಶಿಕ್ಷಕರು ತರಬೇತಿಗಳಲ್ಲಿ, ಆಮೇಲೆ ಚಹಾ ಕುಡಿಯುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ಮೊದಲಿನವು ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರಿಗೆ. ಕೊನೆಯವು ಬೇರೆ ಶಿಕ್ಷಕರಿಗೆ ತರಬೇತಿ ಕೊಡುವವರಿಗೆ.

## ಶುರು ಮಾಡುವ ಮುಂಚೆ

"ನಾಲ್ಕನೇ ಕ್ಲಾಸಿಗೆ ಬಂದ್ರೂ ಓದಕ್ಕೆ ಬರಲ್ಲ. ಹುಡುಗ ದಡ್ಡನಾ, ಸೋಮಾರಿನಾ?"

ಒಂದು ಸಣ್ಣ ಪರೀಕ್ಷೆ ಮಾಡಿ. ಪುಸ್ತಕ ಮುಚ್ಚಿಡಿ. ತೋಟಕ್ಕೆ ಔಷಧಿ ಹೊಡೆಯೋದು ಹೇಗೆ ಅಂತ ಅವನನ್ನೇ ಕೇಳಿ. ಮೈಲುತುತ್ತ ಬೇರೆ ನೆನೆಸಬೇಕು, ಸುಣ್ಣ ಬೇರೆ ಕಲಸಬೇಕು, ಆಮೇಲೆ ಎರಡನ್ನೂ ಸೇರಿಸಬೇಕು, ಮಳೆ ಹಿಡಿಯುವ ಮೊದಲೇ ಹೊಡೆಯದಿದ್ದರೆ ಅಡಿಕೆಗೆ ಕೊಳೆ ಬರುತ್ತದೆ ಎಂದು ಅವನು ಸಾಲಾಗಿ ಹೇಳಿದರೆ, ಬುದ್ಧಿಗೂ ಮಾತಿಗೂ ಏನೂ ಕೊರತೆಯಿಲ್ಲ ಎಂದರ್ಥ. ಅದೇ ವಿಷಯ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟಾಗ ಅವನು ಎರಡನೇ ಪದಕ್ಕೇ ನಿಂತರೆ, ತೊಂದರೆ ಇರುವುದು ಅಕ್ಷರವನ್ನು ಸದ್ದಾಗಿ ಬಿಡಿಸುವ ಕಡೆ.

ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಇದನ್ನು ಒಂದು ಸರಳ ಗುಣಾಕಾರವಾಗಿ ಹೇಳಿದರು. ಬರಹವನ್ನು ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಈ ಎರಡರ ಗುಣಲಬ್ಧವೇ ಓದು. ಯಾವುದೊಂದು ಸೊನ್ನೆಯಾದರೂ ಓದು ಸೊನ್ನೆ. ಎರಡರಲ್ಲಿ ಯಾವುದು ಕಡಿಮೆ ಇದೆ ಎಂದು ನೋಡುವುದೇ ನಿಮ್ಮ ಮೊದಲ ಕೆಲಸ. "ಸೋಮಾರಿ" ಅಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ಅಲ್ವಾ?

"ಹಾಗಾದ್ರೆ ಓದಕ್ಕೆ ಬಾರದವರಿಗೆಲ್ಲ ಡಿಸ್ಲೆಕ್ಸಿಯಾ ಇದೆಯಾ?"

ಇಲ್ಲ. ನಮ್ಮ ಶಾಲೆಗಳಲ್ಲಿ ಓದು ಹಿಂದೆ ಬೀಳಲು ಕಾರಣಗಳು ಬಹಳ. ಒಂದನೇ ತರಗತಿಯಲ್ಲಿ ಜಾಸ್ತಿ ದಿನ ಗೈರು, ಮನೆಮಾತು ಬೇರೆ, ಕಣ್ಣು ಅಥವಾ ಕಿವಿಯ ದೋಷ, ಅಪ್ಪ ಅಮ್ಮ ಕೂಲಿಗಾಗಿ ಊರೂರು ಸುತ್ತುವುದು, ಅಥವಾ ಯಾರೂ ಸರಿಯಾಗಿ ಕಲಿಸದೇ ಇರುವುದು. ಡಿಸ್ಲೆಕ್ಸಿಯಾ ಇವುಗಳಲ್ಲಿ ಒಂದು. ಮಾತಿನ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿದು ಅಕ್ಷರಕ್ಕೆ ಜೋಡಿಸುವಲ್ಲಿ ಮಿದುಳಿಗೆ ಆಗುವ ತೊಡಕು ಅದು. ಹುಟ್ಟಿನಿಂದ ಬರುತ್ತದೆ. ಎಷ್ಟೋ ಸಲ ಮನೆತನದಲ್ಲೇ ಇರುತ್ತದೆ. "ಇವ್ರಪ್ಪನೂ ಹಿಂಗೇ ಇದ್ರು" ಎಂದು ತಾಯಿ ಹೇಳಿದರೆ ಆ ಮಾತನ್ನು ಬರೆದಿಟ್ಟುಕೊಳ್ಳಿ.

ಮುಖ ನೋಡಿ, ಒಂದೆರಡು ತಪ್ಪು ನೋಡಿ ಇದು ಗೊತ್ತಾಗುವುದಿಲ್ಲ. ಒಂದೆರಡು ಅಕ್ಷರ ತಿರುಗಿಸಿ ಬರೆದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಆಗುವುದಿಲ್ಲ. ಹೊಸದಾಗಿ ಕಲಿಯುವ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ. ಕೆಲವು ತಿಂಗಳು ಕ್ರಮವಾಗಿ ಕಲಿಸಿ. ಹಿಂದೆ ಬಿದ್ದವರಲ್ಲಿ ಬಹಳ ಜನ ಮೇಲೆ ಬರುತ್ತಾರೆ. ಆಮೇಲೂ ಅಲುಗದೆ ಉಳಿದವರ ಬಗ್ಗೆ ಬೇರೆಯಾಗಿ ಯೋಚಿಸೋಣ. ಹೆಸರು ಹಚ್ಚುವ ಕೆಲಸ ಶಿಕ್ಷಕರದ್ದಲ್ಲ.

"ಕಣ್ಣಿನ ತೊಂದರೆ ಇರಬಹುದು ಅಂತಾರೆ ಮನೆಯವರು."

ಇರಬಹುದು, ಮೊದಲು ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ ಮಕ್ಕಳನ್ನು ಮುಂದೆ ನಿಲ್ಲಿಸಿ. ಪದೇ ಪದೇ ಕಿವಿ ಸೋರುವ ಮಗುವಿಗೆ ಕಿವಿಯ ಪರೀಕ್ಷೆಯೂ ಆಗಲಿ. ಆದರೆ ಕನ್ನಡಕ ಬಂದ ತಕ್ಷಣ ಓದು ಬರುವುದಿಲ್ಲ. ಬಣ್ಣದ ಕನ್ನಡಕ, ಬಣ್ಣದ ಪ್ಲಾಸ್ಟಿಕ್ ಹಾಳೆಗಳಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎಂದು ಮಾರುವವರಿದ್ದಾರೆ. ಆ ದುಡ್ಡಿಗೆ ಕಥೆಪುಸ್ತಕ ತನ್ನಿ.

"ಮನೆಯಲ್ಲಿ ಕೊಂಕಣಿ, ಉರ್ದು, ಲಂಬಾಣಿ ಮಾತಾಡೋ ಮಕ್ಕಳಿಗೂ ಇದೇ ಪಾಠ ಸಾಕಾ?"

ಇವರಲ್ಲಿ ಕೆಲವರಿಗೆ ಅಕ್ಷರದ ತೊಂದರೆ ಇರುವುದೇ ಇಲ್ಲ. ಶಿಕಾರಿಪುರದ ಕಡೆಯ ತಾಂಡಾದ ಮಗು ಪದವನ್ನು ಸರಿಯಾಗಿಯೇ ಓದಿ, ಅರ್ಥ ಗೊತ್ತಿಲ್ಲದೆ ಸುಮ್ಮನಿರಬಹುದು. ಅದಕ್ಕೆ ಬೇಕಿರುವುದು ಮಾತು: ಕಥೆ ಕೇಳುವುದು, ಹಾಡು, ಚಿತ್ರ ನೋಡಿ ಹೇಳುವುದು. ಮನೆಮಾತಿನಲ್ಲಿ ಹೇಳಲು ಬಿಡಿ, ಪಕ್ಕದ ಮಗು ಕನ್ನಡಕ್ಕೆ ತಿರುಗಿಸಲಿ. ಮನೆಮಾತಿನಲ್ಲೂ ಪದ ನೆನಪಾಗದೆ, ಪ್ರಾಸ ಹಿಡಿಯಲಾಗದೆ ತಡವರಿಸುವ ಮಗುವಾದರೆ ಹೆಚ್ಚು ಗಮನ ಕೊಡಿ.

"ನನ್ನ ಹತ್ರ ವಿಶೇಷ ಶಿಕ್ಷಣದ ಡಿಗ್ರಿ ಇಲ್ಲ. ನಾನು ಇದನ್ನು ಮಾಡಬಹುದಾ?"

ಧಾರಾಳವಾಗಿ. ತಾಲ್ಲೂಕಿಗೆ ಇರುವ ವಿಶೇಷ ಶಿಕ್ಷಕರು ಬೆರಳೆಣಿಕೆಯಷ್ಟು. ಹೊಸನಗರದ ಒಳಗಿನ ಶಾಲೆಗೆ ಅವರು ವಾರಕ್ಕೆ ನಾಲ್ಕು ದಿನ ಬರಲು ಸಾಧ್ಯವೇ ಇಲ್ಲ. ದಿನಾ ಸಿಗುವವರು ನೀವು. ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿಯವರ (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರ) ಫೋನ್ ನಂಬರ್ ಇಟ್ಟುಕೊಳ್ಳಿ, ಸಿಕ್ಕಿಬಿದ್ದಾಗ ಕೇಳಿ.

## ಮಗುವಿನ ಪಕ್ಕ ಕೂತಾಗ

"ಎಲ್ಲಿಂದ ಶುರು ಮಾಡೋದು? ಅ ಆ ಇ ಈಯಿಂದಾನಾ?"

ಮಗು ನಿಂತಿರುವ ಜಾಗದಿಂದ. ವರ್ಣಮಾಲೆಯನ್ನು ರಾಗವಾಗಿ ಹೇಳುವುದಕ್ಕೂ ಓದಿಗೂ ಅಷ್ಟಾಗಿ ಸಂಬಂಧವಿಲ್ಲ. 'ಳ' ತನಕ ಒಂದೇ ಉಸಿರಿಗೆ ಹೇಳುವ ಹುಡುಗಿಗೆ ನಡುವಿನಿಂದ 'ಧ' ತೋರಿಸಿದರೆ 'ಕ'ದಿಂದ ಎಣಿಸಿಕೊಂಡು ಬರುತ್ತಾಳೆ.

ಬೇಗ ನೋಡಬೇಕು ಎಂದರೆ ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರೇ ಸಾಕು. ಬಸ್ಸಿನ ಬೋರ್ಡಿನ ಹಾಗೆ ಏಳು ಚೀಟಿ ಮಾಡಿ. ಸಾಗರ, ಸೊರಬ, ಹೊಸನಗರ: ಒತ್ತಿಲ್ಲ, ಗುಣಿತ ಕಡಿಮೆ. ಶಿಕಾರಿಪುರದಲ್ಲಿ ಗುಣಿತ ಒಂದರ ಹಿಂದೆ ಒಂದು ಬರುತ್ತದೆ. ಶಿವಮೊಗ್ಗದಲ್ಲಿ ಸಜಾತಿ ಒತ್ತು, ಭದ್ರಾವತಿಯಲ್ಲಿ ರ-ವತ್ತು. ತೀರ್ಥಹಳ್ಳಿಯಲ್ಲಿ ಅರ್ಕಾವೊತ್ತು, ಮಹಾಪ್ರಾಣ, ಒತ್ತಿನ ಮೇಲೆ ಗುಣಿತ ಎಲ್ಲವೂ ಇವೆ. ಮಗು ಎಲ್ಲಿ ತಡವರಿಸಿತು ಎಂದು ನೋಡಿದರೆ ಎಲ್ಲಿಂದ ಶುರು ಮಾಡಬೇಕು ಎಂದು ಅಂದಾಜಾಗುತ್ತದೆ. ಆದರೆ ಊರಿನ ಹೆಸರನ್ನು ಆಕಾರ ನೋಡಿಯೇ ಗುರುತು ಹಿಡಿಯುವ ಮಕ್ಕಳಿರುತ್ತಾರೆ. ಹಾಗಾಗಿ 'ಲಗಮು', 'ತೂಬಿಸೆ' ತರದ ಅರ್ಥವಿಲ್ಲದ ಪದಗಳನ್ನೂ ಓದಿಸಿ. ಇಲ್ಲಿ ನೆನಪು ಕೈ ಹಿಡಿಯುವುದಿಲ್ಲ, ನಿಜವಾಗಿ ಬಿಡಿಸಿಯೇ ಓದಬೇಕು.

ಆಮೇಲೆ ಒಂದು ಸಣ್ಣ ಭಾಗ ಓದಿಸಿ, ಇನ್ನೊಂದು ಭಾಗವನ್ನು ನೀವೇ ಓದಿ ಹೇಳಿ ಪ್ರಶ್ನೆ ಕೇಳಿ. ಓದಿದ್ದಕ್ಕಿಂತ ಕೇಳಿದ್ದು ಚೆನ್ನಾಗಿ ಅರ್ಥವಾಗಿದ್ದರೆ ದಾರಿ ಸ್ಪಷ್ಟ.

"ಅಕ್ಷರ ಎಲ್ಲಾ ಗೊತ್ತು ಸಾರ್, ಆದ್ರೆ ಪದ ಕೂಡಿಸಕ್ಕೆ ಬರಲ್ಲ."

'ಎಲ್ಲಾ ಗೊತ್ತು' ಎನ್ನುವುದನ್ನು ಮೊದಲು ಪರೀಕ್ಷಿಸಿ. 'ಕ' ಗೊತ್ತಿರುವ ಮಗುವಿಗೆ 'ಕೊ', 'ಕೈ' ಗೊತ್ತಿರಬೇಕು ಅಂತೇನಿಲ್ಲ. ಮೂಲಾಕ್ಷರ 49. ಗುಣಿತ, ಒತ್ತು ಸೇರಿದರೆ ಮಗುವಿನ ಕಣ್ಣಿಗೆ ಬೀಳುವ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಮಕ್ಕಳ ಅಕ್ಷರಜ್ಞಾನ ಪೂರ್ತಿಯಾಗಲು ಇಂಗ್ಲಿಷ್ ಮಕ್ಕಳಿಗಿಂತ ಹೆಚ್ಚು ವರ್ಷ ಹಿಡಿಯುತ್ತದೆ ಎಂದು ತೋರಿಸಿದರು. ಒಂದನೇ ಕ್ಲಾಸಿಗೇ ಅಕ್ಷರ ಮುಗಿಯಿತು ಎಂಬ ನಮ್ಮ ಅವಸರಕ್ಕೆ ಆಧಾರವಿಲ್ಲ.

ಹ್ರಸ್ವ-ದೀರ್ಘದ ಜೋಡಿಗಳನ್ನು ಕೊಡಿ. 'ಕೆರೆ'ಯ ಬದಲು 'ಕೇರೆ' ಓದಿದರೆ ನೀರಿನ ಜಾಗದಲ್ಲಿ ಹಾವು ಬಂತು ಎಂದು ಮಕ್ಕಳೇ ನಗುತ್ತಾರೆ. ಹಳೆ-ಹಾಳೆ, ಕಡು-ಕಾಡು, ಬಳೆ-ಬಾಳೆ. ನೋಡಲು ಒಂದೇ ತರ ಇರುವ ಅಕ್ಷರಗಳನ್ನು ಮಾತ್ರ ಒಂದೇ ದಿನ ಕಲಿಸಬೇಡಿ: ದ-ಧ-ಥ, ಪ-ಷ-ಫ, ನ-ಸ, ಬ-ಭ. 'ಮ'ಕ್ಕೂ 'ವು'ಗೂ ಗೊಂದಲ ಎಷ್ಟು ಸಾಮಾನ್ಯ ಎಂದು ಪಕ್ಕ ಕೂತು ಕೇಳಿದವರಿಗೇ ಗೊತ್ತು. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಪುಸ್ತಕವಿಲ್ಲದೆ ಬಾಯಲ್ಲೇ ಆಡುವ ಆಟವೂ ಬೇಕು. 'ನಗರ' ತಿರುಗಿಸಿ ಹೇಳು. 'ಅಡಿಕೆ'ಯಲ್ಲಿ 'ಅ' ತೆಗೆದರೆ ಏನುಳಿಯಿತು? ಬಸ್ಸಿಗೆ ಕಾಯುವಾಗಲೂ ಆಡಬಹುದು.

"ಒತ್ತಕ್ಷರ ಬಂದ ಕೂಡ್ಲೇ ನಿಂತ್ಬಿಡ್ತಾನೆ."

ನಮಗೆ ಜಾಸ್ತಿ ಬರುವ ಪ್ರಶ್ನೆ ಇದು. 'ಒತ್ತಕ್ಷರ ಬರಲ್ಲ' ಎಂದು ಒಟ್ಟಾಗಿ ಹೇಳುವ ಬದಲು ಯಾವ ಒತ್ತು ಎಂದು ನೋಡಿ. ಅದರಲ್ಲಿ ಬೇರೆ ಬೇರೆ ತೊಡಕುಗಳಿವೆ.

ಅಕ್ಕ, ಅಜ್ಜ, ಹಬ್ಬ ಇವು ಸುಲಭ. ಕೆಳಗಿನ ಒತ್ತು ಮೇಲಿನ ಅಕ್ಷರದ ಹಾಗೇ ಇರುತ್ತದೆ, ತಲೆಕಟ್ಟು ಇರುವ ಅಕ್ಷರವಾದರೆ ಅದೊಂದು ಇರುವುದಿಲ್ಲ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲದ ಚಹರೆಯೇ ಇಲ್ಲ. ತಮಾಷೆ ಎಂದರೆ ಮಗುವಿಗೆ ಮೊದಲು ಸಿಗುವುದೇ ಇವು: ಅಮ್ಮ, ಅತ್ತೆ, ಅನ್ನ, ಹಲ್ಲು. ಈ ಆರನ್ನು ಹೊಸ ಅಕ್ಷರಗಳೆಂದೇ ತಿಳಿದು ಒಂದೊಂದಾಗಿ ಕಲಿಸಿ.

ಎರಡನೆಯ ತೊಡಕು ಸಾಲು ತಪ್ಪುವುದು. 'ಕುಸ್ತಿ' ಬರೆದು ನೋಡಿ. ಗುಡಿಸು ('ಇ'ಕಾರದ ಗುರುತು) ಕೂತಿರುವುದು ಮೇಲಿನ 'ಸ'ದ ಮೇಲೆ. ಅದರ ಸದ್ದು ಬರಬೇಕಾದದ್ದು ಕೆಳಗಿನ 'ತ'ದ ನಂತರ. ಕಂಡ ಸಾಲಿನಲ್ಲೇ ಓದಿದ ಮಗು 'ಕುಸಿತ' ಎನ್ನುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿತದ ಸುದ್ದಿ ದಿನಾ ಕೇಳುವ ನಮ್ಮ ಮಕ್ಕಳಿಗೆ ಅದು ತಪ್ಪು ಅಂತಲೂ ಅನ್ನಿಸುವುದಿಲ್ಲ. ಈ ಮಗು ಕಂಡದ್ದನ್ನೆಲ್ಲ ಓದಿದೆ. ನಿಯಮವೊಂದು ಗೊತ್ತಿಲ್ಲ, ಅಷ್ಟೇ.

ಮೂರನೆಯದು ಅರ್ಕಾವೊತ್ತು. 'ತೀರ್ಥ'ದಲ್ಲಿ 'ಥ'ಕ್ಕಿಂತ ಮೊದಲು ಬರುವ ಸದ್ದು ರ್, ಅದರ ಗುರುತು ಇರುವುದು 'ಥ' ಆದ ಮೇಲೆ. ಹಾಗಾಗಿ 'ತೀಥರ', 'ಸೂಯರ'. ಇಲ್ಲಿ ನಾವು ಬೆರಳಿನ ಉಪಾಯ ಹೇಳಿಕೊಡುತ್ತೇವೆ. ಪದ ಓದುವ ಮೊದಲು ಮಗು ಆ ಗುರುತನ್ನು ಹುಡುಕಿ, ಬೆರಳನ್ನು ಹಿಂದಿನ ಅಕ್ಷರದ ಮೇಲೆ ಹಾರಿಸಿ, ಆಮೇಲೆ ಓದುತ್ತದೆ. ಸೂರ್ಯ, ಕಾರ್ಯ, ಮಾರ್ಗ, ವರ್ಷ ಹೀಗೆ ಒಂದೇ ಬಗೆಯ ಪದಗಳನ್ನು ಒಟ್ಟಿಗೆ ಓದಿಸಿ. ಬೇರೆ ಒತ್ತುಗಳ ಜೊತೆ ಕಲಸುವುದು ಆಮೇಲೆ.

"ದಿನಕ್ಕೆ ಎಷ್ಟು ಹೊತ್ತು ಬೇಕು?"

ಮೂವತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ, ಒಂದೇ ಹಂತದ ಮೂರು ಮಕ್ಕಳು. ಶನಿವಾರ ಒಂದೇ ದಿನ ಎರಡು ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಮೊದಲ ಐದು ನಿಮಿಷ ಹಳೆಯ ಅಕ್ಷರಗಳು, ಆಮೇಲೆ ಬಾಯಾಟ. ಹತ್ತು ನಿಮಿಷ ಅಕ್ಷರಚೀಟಿ ಜೋಡಿಸಿ ಪದ ಕಟ್ಟುವುದು, ಒಂದು ಚೀಟಿ ಬದಲಿಸಿ ಇನ್ನೊಂದು ಪದ ಮಾಡುವುದು. ಉಳಿದದ್ದು ಸಾಲು ಓದುವುದು, ಕೊನೆಗೆ ನಾಲ್ಕು ಪದದ ಉಕ್ತಲೇಖನ. ಓದುವ ಭಾಗವನ್ನು ಮಾತ್ರ ಯಾವತ್ತೂ ಬಿಡಬೇಡಿ. ಅಕ್ಷರದಲ್ಲೇ ತಿಂಗಳುಗಟ್ಟಲೆ ನಿಂತ ಮಗುವಿಗೆ ಓದು ಅಂದರೆ ಏನು ಎಂಬುದೇ ಮರೆತುಹೋಗುತ್ತದೆ.

"ತಪ್ಪು ಓದಿದ ತಕ್ಷಣ ತಿದ್ದಬೇಕಾ?"

ಬಾಯಿ ಬಿಗಿಹಿಡಿದು ಐದು ಎಣಿಸಿ. ಎಷ್ಟೋ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಇಲ್ಲವಾದರೆ ತಪ್ಪಿದ ಅಕ್ಷರದ ಕೆಳಗೆ ಬೆರಳಿಟ್ಟು "ಇದನ್ನು ಇನ್ನೊಂದು ಸಲ ನೋಡು" ಎನ್ನಿ. ಆಗಲೂ ಬಾರದಿದ್ದರೆ ಹೇಳಿಕೊಡಿ, ಪೂರ್ತಿ ಸಾಲನ್ನು ಮತ್ತೆ ಓದಿಸಿ. ಮಗು ಓದಿದ್ದನ್ನು, ಅಂದರೆ ತಪ್ಪನ್ನೇ, ನಿಮ್ಮ ಹಾಳೆಯಲ್ಲಿ ಹಾಗೇ ಬರೆದುಕೊಳ್ಳಿ. ಸಾಲಿಗೆ ಎರಡು ಮೂರು ಪದಕ್ಕಿಂತ ಜಾಸ್ತಿ ತಪ್ಪುತ್ತಿದ್ದರೆ ಪಠ್ಯವೇ ಕಷ್ಟವಾಯಿತು, ಬದಲಿಸಿ.

"ಹತ್ತು ಸಲ ಕಾಪಿ ಬರೆಸಿದ್ರೆ ಬರಲ್ವಾ?"

ಬರುವುದು ಅಕ್ಷರ ದುಂಡಗೆ ಬರೆಯುವ ಕೈ. ಗಮನವೇ ಇಲ್ಲದೆ ಹತ್ತು ಸಲ ಬರೆಯಬಹುದು. ಸದ್ದು ಹೇಳುತ್ತಾ ಎರಡು ಸಲ ಬರೆಸಿ, ಸಾಕು.

"ಆರನೇ ಕ್ಲಾಸಿನ ಹುಡುಗನಿಗೆ ಒಂದನೇ ಕ್ಲಾಸಿನ ಪುಸ್ತಕ ಕೊಟ್ರೆ ನಾಚಿಕೊಳ್ತಾನೆ."

ನಾಚದೆ ಇರ್ತಾನಾ? ಅವನ ಮಾತನ್ನೇ ಪಾಠ ಮಾಡಿ. ಕಬಡ್ಡಿ, ಹೊಳೆಯಲ್ಲಿ ಮೀನು ಹಿಡಿದದ್ದು, ಅಡಿಕೆ ಕೊನೆ ಕೊಯ್ಲಿನ ದಿನ, ಅವನು ಹೇಳುತ್ತಾ ಹೋಗಲಿ. ನೀವು ಐದಾರು ಸಾಲು ಬರೆಯಿರಿ. ಪದಗಳು ಅವನವೇ, ಅರ್ಥ ಮೊದಲೇ ಗೊತ್ತು. ಮರುದಿನ ಅದನ್ನೇ ಓದುತ್ತಾನೆ. ಇಂಥ ಹಾಳೆಗಳನ್ನು ಹೊಲಿದು ಅವನ ಹೆಸರಿನ ಪುಸ್ತಕ ಮಾಡಿ. ದೊಡ್ಡವರಾದ ಮಕ್ಕಳಿಗೆ ಇನ್ನೊಂದು ದಾರಿ, ಎರಡನೇ ಕ್ಲಾಸಿನ ತಮ್ಮನಿಗೋ ತಂಗಿಗೋ ಓದಿ ಹೇಳುವ ಕೆಲಸ ಕೊಡುವುದು. ಆಗ ಸಣ್ಣ ಪುಸ್ತಕವನ್ನು ನಾಲ್ಕು ಸಲ ಅಭ್ಯಾಸ ಮಾಡಲು ಮರ್ಯಾದೆಯ ಕಾರಣ ಸಿಗುತ್ತದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಮಕ್ಕಳ ಪುಸ್ತಕ ಏನಿದೆ ಎಂದೂ ಒಮ್ಮೆ ನೋಡಿ ಬನ್ನಿ.

## ಶಾಲೆ, ಮಳೆ, ಮನೆ

"ನಾನೊಬ್ಬನೇ ಮೇಷ್ಟ್ರು. ಐದು ತರಗತಿ. ಅರ್ಧ ಗಂಟೆ ಎಲ್ಲಿಂದ ತರಲಿ?"

ನಲಿ-ಕಲಿಯ ತರಗತಿಯಿಂದಲೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ವಿಧಾನದಲ್ಲಿ ಮಕ್ಕಳು ಗುಂಪಾಗಿ, ತಮ್ಮ ತಮ್ಮ ಮೆಟ್ಟಿಲಲ್ಲಿ ಕಲಿಯುತ್ತಾರೆ. ಶಿಕ್ಷಕರ ಪೂರ್ಣ ಸಹಾಯದ ಗುಂಪು ಅದರಲ್ಲಿ ಮೊದಲಿನಿಂದಲೂ ಇದೆ. ಮೂರು ಮಕ್ಕಳನ್ನು ಆ ಗುಂಪಿಗೆ ಹಾಕಿಕೊಳ್ಳಿ. ಕಷ್ಟವಾಗುವುದು ನಾಲ್ಕನೇ ತರಗತಿಯಲ್ಲಿ. ನಲಿ-ಕಲಿಯ ಮೆಟ್ಟಿಲುಗಳ ಏಣಿ ಮುಗಿಯುತ್ತದೆ, ಪಠ್ಯಪುಸ್ತಕ ಎಲ್ಲರಿಗೂ ಒಂದೇ ಆಗುತ್ತದೆ, ಅಲ್ಲಿಯವರೆಗೆ ಮರೆಯಲ್ಲಿದ್ದ ಮಗು ಬಯಲಿಗೆ ಬೀಳುತ್ತದೆ. ನಾಲ್ಕು-ಐದರ ಮಕ್ಕಳಿಗೆ ಬೆಳಗ್ಗೆ ಪ್ರಾರ್ಥನೆಗೆ ಮುಂಚಿನ ಹೊತ್ತು ಅಥವಾ ಬಿಸಿಯೂಟದ ನಂತರದ ಹೊತ್ತನ್ನು ಕೆಲವರು ಹೊಂದಿಸಿಕೊಂಡಿದ್ದಾರೆ. ಆಟದ ಪಿರಿಯಡ್ ಮಾತ್ರ ಕಿತ್ತುಕೊಳ್ಳಬೇಡಿ. ಓದಿನಲ್ಲಿ ಸೋಲುವ ಮಗು ಗೆಲ್ಲುವುದು ಎಷ್ಟೋ ಸಲ ಅಲ್ಲೇ.

"ಜೂನ್‌ನಲ್ಲಿ ಶುರು ಮಾಡಿದ್ವಿ. ಮಳೆ ರಜೆ ಬಂತು, ಎಲ್ಲಾ ತೊಳೆದುಹೋಯ್ತು."

ಮಲೆನಾಡಿನಲ್ಲಿ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆಗುಂಬೆಯ ಆಸುಪಾಸಿನಲ್ಲಿ ಜುಲೈ ಅಂದರೆ ಹಳ್ಳ ತುಂಬಿ ಕಾಲುಸಂಕ ದಾಟಲಾಗದ ದಿನಗಳು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆನ್‌ಲೈನ್ ಪಾಠದ ಮಾತು ಬಿಡಿ. ಆಗಲೇ ಬರುವ ಪದಗಳ ಚೀಟಿ ಮತ್ತು ಓದಿದ ಒಂದು ಪುಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೆ ಕಳಿಸಿ. ಹೊಸದು ಕಳಿಸಬೇಡಿ. ರಜೆ ಮುಗಿದ ಮೇಲೆ ಒಂದು ವಾರ ಹಿಂದೆ ಹೋಗಿ ಶುರು ಮಾಡಿ. ಇಂಥ ಮಕ್ಕಳಿಗೆ ಮರೆವು ಬೇಗ ಬರುತ್ತದೆ.

"ಮನೆಯವ್ರಿಗೆ ಓದು ಬರಲ್ಲ. ಅವ್ರಿಂದ ಏನು ಸಹಾಯ ಆಗುತ್ತೆ?"

ಕೇಳಿಸಿಕೊಳ್ಳಲು ಓದು ಬರಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಮಗು ಓದುವುದನ್ನು ಅಜ್ಜಿ ಕೇಳಲಿ, "ಆಮೇಲೆ ಏನಾಯ್ತು?" ಎಂದು ಕೇಳಲಿ. ಅಜ್ಜಿ ಹೇಳುವ ಕಥೆ ಭಾಷೆಯನ್ನು ಬೆಳೆಸುತ್ತದೆ. ಅಣ್ಣನ ಜೊತೆ ಹೋಲಿಸಿ ಬಯ್ಯುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಸಹಾಯ.

"ಸರ್ಟಿಫಿಕೇಟ್ ಮಾಡಿಸಬೇಕಾ? ಎಸ್‌ಎಸ್‌ಎಲ್‌ಸಿಗೆ ಅನುಕೂಲ ಆಗುತ್ತಂತೆ."

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ. ಅದನ್ನು ಬೇಗ ಗುರುತಿಸಿ ತಕ್ಕ ಪಾಠಕ್ರಮ ಕೊಡುವುದು ಶಾಲೆಗಳ ಹೊಣೆ ಎಂದು ಕಾಯ್ದೆಯೇ ಹೇಳುತ್ತದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಅನುಕೂಲಗಳಿವೆ. ಎಂಟು ವರ್ಷಕ್ಕೆ ಮುಂಚೆ ಸಾಮಾನ್ಯವಾಗಿ ಕೊಡುವುದಿಲ್ಲ. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಮುಖ್ಯಶಿಕ್ಷಕರ ಜೊತೆ ಕೂತು ಮಾತಾಡಿ. ಹಾಗಂತ ಪ್ರಮಾಣಪತ್ರ ಬರಲಿ ಎಂದು ಪಾಠ ನಿಲ್ಲಿಸಿ ಕಾಯುವುದು ಬೇಡ.

## ತರಬೇತಿ ಕೊಡುವವರಿಗೆ

"ಎರಡು ದಿನದ ತರಬೇತಿ ಕೊಟ್ರೆ ಶಿಕ್ಷಕರು ತಯಾರಾಗ್ತಾರಾ?"

ಆಗುವುದಿಲ್ಲ. ಪಿಪಿಟಿ ತೋರಿಸಿ, ಊಟ ಹಾಕಿ, ಸಹಿ ಹಾಕಿಸಿ ಕಳಿಸುವುದು ನಮಗೆಲ್ಲ ಅಭ್ಯಾಸವಾಗಿದೆ. ಈ ಕೆಲಸ ಈಜಿನ ಹಾಗೆ, ದಡದ ಮೇಲೆ ಕಲಿಯಲಾಗುವುದಿಲ್ಲ. ಒಂದು ದಿನ ಕಲಿಸಿ ಪ್ರತಿ ಶಿಕ್ಷಕರಿಗೂ ಒಂದೇ ಒಂದು ಮಗುವನ್ನು ಆರಿಸಿಕೊಳ್ಳಲು ಹೇಳಿ. ಎರಡು ವಾರದ ನಂತರ ಅದೇ ಮಗುವಿನ ಓದಿನ ರೆಕಾರ್ಡಿಂಗ್ ಮತ್ತು ತಪ್ಪಿನ ಹಾಳೆ ಹಿಡಿದು ಮತ್ತೆ ಸೇರಲಿ. ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ನಡೆಸುವ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಇದಕ್ಕೆ ಕೇಳಿ ಪಡೆಯಿರಿ. ವರ್ಷವಿಡೀ ಹೀಗೆ ನಡೆದರೆ ಕಲಿಯುತ್ತಾರೆ. ಶಾಲೆಗೆ ಹೋಗಿ ಪಾಠ ನೋಡುವವರು ಇನ್ಸ್‌ಪೆಕ್ಷನ್ನಿಗೆ ಬಂದವರ ಹಾಗೆ ಹಿಂದೆ ಕೂರಬಾರದು. ಹತ್ತು ನಿಮಿಷ ತಾವೇ ಮಗುವಿಗೆ ಕಲಿಸಿ ತೋರಿಸಬೇಕು.

"ಮೊದಲ ದಿನ ಏನು ಮಾಡಿಸ್ತೀರಿ?"

ಒಡಿಯಾ ಲಿಪಿಯ ಎಂಟು ಅಕ್ಷರ ಕೊಟ್ಟು, ಹದಿನೈದು ನಿಮಿಷ ಕಲಿಸಿ, ಎಲ್ಲರೆದುರು ಗಟ್ಟಿಯಾಗಿ ಓದಲು ಹೇಳುತ್ತೇವೆ. ನಡುವೆ "ಬೇಗ ಬೇಗ" ಎಂದು ಅವಸರ ಮಾಡುತ್ತೇವೆ. ಎಂಎ ಮಾಡಿದವರೂ ಬೆರಳಿಟ್ಟು ಓದುತ್ತಾರೆ, ಊಹಿಸುತ್ತಾರೆ, ಪಕ್ಕದವರನ್ನು ನೋಡುತ್ತಾರೆ. ಅದಾದ ಮೇಲೆ ಉಪನ್ಯಾಸ ಬೇಕಾಗುವುದಿಲ್ಲ.

ಮಧ್ಯಾಹ್ನ ಮಕ್ಕಳ ಓದಿನ ಧ್ವನಿ ಕೇಳಿಸಿ ತಪ್ಪುಗಳನ್ನು ಬರೆಸುತ್ತೇವೆ. 'ಕುಸಿತ' ಓದಿದ್ದಕ್ಕೆ, 'ಕೇರೆ' ಓದಿದ್ದಕ್ಕೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದ್ದಕ್ಕೆ ಕಾರಣ ಬೇರೆ ಬೇರೆ, ನಾಳಿನ ಪಾಠವೂ ಬೇರೆ ಬೇರೆ. ಮೊದಲ ಸಲ ಕೇಳಿದಾಗ ಎಲ್ಲರೂ 'ತಪ್ಪು' ಎಂದಷ್ಟೇ ಬರೆಯುತ್ತಾರೆ. ಇಡೀ ತರಬೇತಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಈ ಅಭ್ಯಾಸವನ್ನು ಉಳಿಸಿಕೊಳ್ಳುತ್ತೇವೆ.

"ಇಂಗ್ಲಿಷಿನ ವಿಧಾನಗಳು ಕನ್ನಡಕ್ಕೆ ಹೊಂದುತ್ತಾ?"

ತತ್ವ ಹೊಂದುತ್ತದೆ, ಪಾಠಗಳು ಹೊಂದುವುದಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ವಿಧಾನ ಹೇಳುವುದು ಇದನ್ನೇ: ಸುಲಭದಿಂದ ಕಷ್ಟಕ್ಕೆ, ಬಿಡಿಸಿ ಹೇಳಿ, ಕಣ್ಣು ಕಿವಿ ಕೈ ಮೂರನ್ನೂ ಬಳಸಿ, ಮತ್ತೆ ಮತ್ತೆ ತಿರುಗಿ ಬನ್ನಿ. ಅದು ಯಾವ ಭಾಷೆಗೂ ಸರಿ. ಆದರೆ ಇಂಗ್ಲಿಷಿನ ಕಷ್ಟ ಕಾಗುಣಿತದ ಅಡ್ಡಾದಿಡ್ಡಿತನ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ನಮ್ಮ ಕಷ್ಟ ರೂಪಗಳ ಸಂಖ್ಯೆ ಮತ್ತು ಒತ್ತಿನ ಜಾಗ. ಹಾಗಾಗಿ ಕನ್ನಡದ ಮಗು ನಿಧಾನವಾಗಿಯಾದರೂ ಸರಿಯಾಗಿ ಓದಿಬಿಡಬಹುದು. ತಪ್ಪಿನ ಜೊತೆ ವೇಗವನ್ನೂ ಗಮನಿಸದಿದ್ದರೆ ಅಂಥ ಮಗು ನಿಮ್ಮ ಕಣ್ಣು ತಪ್ಪಿಸುತ್ತದೆ.

"ಸುಧಾರಣೆ ಆಗ್ತಿದೆ ಅಂತ ಗೊತ್ತಾಗೋದು ಹೇಗೆ?"

ಎರಡು ವಾರಕ್ಕೊಮ್ಮೆ, ಹಿಂದೆ ನೋಡಿರದ ಆದರೆ ಅದೇ ಹಂತದ ಭಾಗವನ್ನು ಒಂದು ನಿಮಿಷ ಓದಿಸಿ. ಸರಿ ಓದಿದ ಪದ ಎಷ್ಟು ಎಂದು ಬರೆದಿಡಿ. ಮಗುವಿನ ಹೋಲಿಕೆ ಅದರದೇ ಹಿಂದಿನ ಅಂಕಿಯ ಜೊತೆ ಮಾತ್ರ. ನಾಲ್ಕು ಸಲ ನೋಡಿದರೂ ಅಂಕಿ ಅಲುಗದಿದ್ದರೆ ಮೊದಲು ನಿಮ್ಮ ಪಾಠ ಬದಲಿಸಿ: ಗುಂಪು ಸಣ್ಣದು ಮಾಡಿ, ಹೊಸ ಅಕ್ಷರ ಕಡಿಮೆ ಮಾಡಿ.

"ಏನೇ ಮಾಡಿದ್ರೂ ಮುಂದೆ ಹೋಗದ ಮಗು ಇದ್ರೆ?"

ಪೂರ್ಣ ಪರೀಕ್ಷೆಗೆ ಕಳಿಸುವ ಹೊತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲೂ ಪರೀಕ್ಷೆ ಆಗುತ್ತದೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ 'ಡಾಲಿ' ಎಂಬ ಪರೀಕ್ಷಾ ಸಾಧನ ಕನ್ನಡದಲ್ಲೂ ಇದೆ. ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಕನ್ನಡದಲ್ಲೂ ಆಗಬೇಕು ಎಂದು ಕೇಳಿ. ಹೊರಡುವಾಗ ಪಾಲಕರ ಕೈಯಲ್ಲಿ ಬರೀ ಅಂಕಪಟ್ಟಿ ಕೊಡಬೇಡಿ. ಹಾಜರಿ ವಿವರ, ಕಣ್ಣು-ಕಿವಿ ಪರೀಕ್ಷೆಯ ಚೀಟಿ, ಮಗು ತಾನೇ ಬರೆದ ಎರಡು ಪುಟ, ನೀವು ಇಟ್ಟ ತಪ್ಪಿನ ಹಾಳೆಗಳು, ಎರಡು ವಾರಕ್ಕೊಮ್ಮೆ ಬರೆದ ಅಂಕಿ, ಇಷ್ಟನ್ನೂ ಒಂದು ಫೈಲಿನಲ್ಲಿ ಹಾಕಿ ಕೊಡಿ. ಒಂದು ಜೆರಾಕ್ಸ್ ಪ್ರತಿ ಶಾಲೆಯಲ್ಲಿರಲಿ.